ಏಪ್ರಿಲ್ 10ರೊಳಗೆ ಉತ್ತರ ಕೊಡ್ಬೇಕು: ಎಕ್ಸೆಟರ್ರಾ, ಗ್ರೋಟನ್ನಾ? ಬೋರ್ಡಿಂಗ್ ಸ್ಕೂಲ್ ಗೊತ್ತಿರೋರು ಸ್ವಲ್ಪ ಹೇಳಿ

ಗೊಂದಲದಮ್ಮ:
ಎಲ್ರಿಗೂ ನಮಸ್ಕಾರ. ಮಾರ್ಚ್ 10ಕ್ಕೆ ರಿಸಲ್ಟ್ ಬಂತು, ಅವತ್ತಿಂದ ನಮ್ಮನೇಲಿ ಯಾರೂ ನೆಟ್ಟಗೆ ನಿದ್ದೆ ಮಾಡಿಲ್ಲ. ಮಗಳು ಈಗ ಎಂಟನೇ ಕ್ಲಾಸು, ಸೆಪ್ಟೆಂಬರ್‌ಗೆ ಒಂಬತ್ತು. ಅಮೆರಿಕದ ಐದು ಬೋರ್ಡಿಂಗ್ ಸ್ಕೂಲಿಗೆ ಅಪ್ಲೈ ಮಾಡಿದ್ವಿ. ಫಿಲಿಪ್ಸ್ ಎಕ್ಸೆಟರ್, ಗ್ರೋಟನ್ ಎರಡರಲ್ಲೂ ಸೀಟು ಸಿಕ್ಕಿದೆ, ಆಂಡೋವರ್ ವೇಟ್‌ಲಿಸ್ಟು, ಮಿಕ್ಕಿದ್ದೆರಡು ಇಲ್ಲ ಅಂದ್ರು. ಫೈನಾನ್ಶಿಯಲ್ ಏಡ್ (ಫೀಸಿಗೆ ಸ್ಕೂಲು ಕೊಡೋ ಸಹಾಯ) ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಕೊಟ್ಟಿದಾರೆ, ಹಾಗಾಗಿ ದುಡ್ಡಿನ ಮೇಲೆ ತೀರ್ಮಾನ ಮಾಡೋಕೂ ಆಗ್ತಿಲ್ಲ.

ಎಕ್ಸೆಟರಲ್ಲಿ ಸಾವಿರಕ್ಕೂ ಮೇಲೆ ಮಕ್ಕಳು, ಗ್ರೋಟನಲ್ಲಿ ನಾನೂರಕ್ಕೂ ಕಮ್ಮಿ. ನಮ್ಮ ಯಜಮಾನರು "ಎಕ್ಸೆಟರ್ ಅಂದ್ರೆ ಎಕ್ಸೆಟರ್, ಇದ್ರಲ್ಲಿ ಕೇಳೋದೇನಿದೆ" ಅಂತಾರೆ. ನಾನು ಎಕ್ಸೆಲ್ ಶೀಟ್ ಮಾಡಿ 23 ಕಾಲಂ ಹಾಕಿದೀನಿ, ಈಜುಕೊಳದ ಉದ್ದ ಕೂಡ ಬರ್ದಿದೀನಿ, ನಗ್ಬೇಡಿ. ಮಗಳನ್ನ ಕೇಳಿದ್ರೆ "ನೀವಿಬ್ರೂ ಡಿಸೈಡ್ ಮಾಡಿ" ಅಂತ ರೂಮಿಗೆ ಹೋಗ್ತಾಳೆ. ಓದೋದ್ರಲ್ಲಿ ಅವಳ ಬಗ್ಗೆ ಚಿಂತೆ ಇಲ್ಲ, ಇವತ್ತಿನವರೆಗೂ ಒಂದ್ಸಲಾನೂ ಟೀಚರ್ ಹತ್ರ ಹೋಗಿ ಡೌಟ್ ಕೇಳಿದವಳಲ್ಲ, ಎಲ್ಲಾ ತಾನೇ ಮಾಡ್ಕೋತಾಳೆ. ಯಾವ್ದು ಒಳ್ಳೇದು, ಹೋದ್ಮೇಲೆ ಹೇಗೆ ಗಟ್ಟಿಯಾಗಿ ನಿಲ್ಲೋದು, ಅಲ್ಲಿ ಓದಿದವರು ಇದ್ರೆ ದಯವಿಟ್ಟು ಬರೀರಿ.

ತಿರುಗಾಡಿ:
ಅಭಿನಂದನೆ ಮೇಡಂ. ಎರಡರಲ್ಲಿ ಯಾವ್ದು ತಗೊಂಡ್ರೂ ಲಾಸ್ ಇಲ್ಲ ಬಿಡಿ. ಎಕ್ಸೆಟರ್ ಲೈಬ್ರರಿ ಒಂದು ನೋಡಿ ಬನ್ನಿ ಸಾಕು, ಅಹಮದಾಬಾದ್ ಐಐಎಂ ಕಟ್ಟಡ ಮಾಡಿದ ಅದೇ ಲೂಯಿ ಕಾನ್ ಮಾಡಿದ್ದು, ಒಳಗೆ ನಿಂತು ಮೇಲೆ ನೋಡಿದ್ರೆ ಕಾಂಕ್ರೀಟ್ ಗೋಡೇಲಿ ಆ ದೊಡ್ಡ ದೊಡ್ಡ ಸುತ್ತು ಕಾಣತ್ತೆ. ನಾನು ಓದಿದವನಲ್ಲ, ನೋಡಿದವನು ಅಷ್ಟೇ.

ಹಳೇಬೋರ್ಡರ್:
ಅಕ್ಕಾ, ನಾನು ಅಲ್ಲೇ ನ್ಯೂ ಇಂಗ್ಲೆಂಡ್ (ಅಮೆರಿಕದ ಈಶಾನ್ಯ ಮೂಲೆ) ಕಡೆ ಒಂದು ಬೋರ್ಡಿಂಗ್ ಸ್ಕೂಲಲ್ಲಿ ನಾಲ್ಕು ವರ್ಷ ಇದ್ದವನು, ಸ್ಕೂಲ್ ಹೆಸರು ಹೇಳಲ್ಲ. ನಿಮ್ಮ 23 ಕಾಲಂ ಓದಿ ನಗು ಬರ್ಲಿಲ್ಲ, ನಮ್ಮಪ್ಪನೂ ಅದನ್ನೇ ಮಾಡಿದ್ರು. ಆದ್ರೆ ನಿಮ್ಮ ಪೋಸ್ಟಲ್ಲಿ ನಂಗೆ ಭಯ ಆಗಿದ್ದು ಒಂದೇ ಸಾಲು, ನೀವು ಹೆಮ್ಮೆಯಿಂದ ಬರ್ದಿದ್ದು: ಒಂದ್ಸಲಾನೂ ಟೀಚರ್ ಹತ್ರ ಹೋಗಿ ಡೌಟ್ ಕೇಳಿದವಳಲ್ಲ.

ನಾನೂ ಅಂಥವನೇ. ಅಲ್ಲಿಗೆ ಬರೋ ಪ್ರತಿ ಮಗೂನೂ ತನ್ನ ಹಳೇ ಸ್ಕೂಲಲ್ಲಿ ಫಸ್ಟ್ ಬಂದಿದ್ದೇ, ಅಕ್ಟೋಬರ್ ಹೊತ್ತಿಗೆ ಅದ್ರಲ್ಲಿ ಅರ್ಧ ಜನ ಮಧ್ಯಕ್ಕಿಂತ ಕೆಳಗೆ ಇರ್ಲೇಬೇಕು, ಅದು ಲೆಕ್ಕ, ಯಾರ ತಪ್ಪೂ ಅಲ್ಲ. ನಂಗೆ ಹಿಸ್ಟರಿ ಎಸ್ಸೇ ವಾಪಸ್ ಬಂತು, ಸಿ ಪ್ಲಸ್. ಮಾರ್ಜಿನ್ ತುಂಬಾ ಸಣ್ಣ ಅಕ್ಷರ, ಕೊನೇಲಿ ಒಂದೇ ವಾಕ್ಯ, ಬಂದು ನನ್ನ ಜೊತೆ ಮಾತಾಡು ಅಂತ. ಆ ಟೀಚರ್ ಮನೆ ನಮ್ಮ ಡಾರ್ಮಿನ, ಅಂದ್ರೆ ಹಾಸ್ಟೆಲಿನ, ಕೆಳಗಡೆ ಮಹಡೀಲೇ ಇತ್ತು, ಈ ಸ್ಕೂಲುಗಳಲ್ಲಿ ಟೀಚರ್‌ಗಳು ಸಂಸಾರ ಸಮೇತ ಡಾರ್ಮಲ್ಲೇ ಇರ್ತಾರೆ. ರಾತ್ರಿ ಒಂಬತ್ತೂವರೆಗೆ ಬರೀ ಸಾಕ್ಸಲ್ಲಿ ಇಳ್ಕೊಂಡು ಅವರ ಬಾಗಿಲ ಮುಂದೆ ನಿಂತೆ. ಬಾಗಿಲ ಕೆಳಗಿಂದ ಬೆಳಕು ಬರ್ತಿತ್ತು, ಒಳಗಡೆ ಅವರ ಪುಟ್ಟ ಮಗು ಏನೋ ಹಟ ಮಾಡ್ತಿತ್ತು. ಕೈ ಎತ್ತಿದೆ, ತಟ್ಲಿಲ್ಲ, ಮೇಲೆ ಹೋದೆ. ಇದನ್ನ ನಾಲ್ಕು ರಾತ್ರಿ ಮಾಡಿದೀನಿ. ಐದನೇ ದಿನ ಅವರೇ ಊಟದ ಹಾಲಲ್ಲಿ ಹಿಡ್ಕೊಂಡು "ನಿನ್ನ ಹೆಜ್ಜೆ ಸದ್ದು ನಂಗೆ ಕೇಳ್ಸತ್ತೆ ಕಣಪ್ಪ" ಅನ್ನೋ ಥರ ಏನೋ ಅಂದ್ರು. ಅವತ್ತು ಸಂಜೆ ಒಂದು ಗಂಟೆ ಕೂತ್ವಿ. ಎಸ್ಸೇಲಿ ನಾನು ಪುಸ್ತಕದಲ್ಲಿದ್ದಿದ್ದನ್ನ ಚೆನ್ನಾಗಿ ವಾಪಸ್ ಒಪ್ಪಿಸಿದ್ದೆ ಅಷ್ಟೇ, ನಂದು ಅಂತ ಒಂದು ವಾದವೇ ಇರ್ಲಿಲ್ಲ. ಹಳೇ ಸ್ಕೂಲಲ್ಲಿ ಅದಕ್ಕೇ ಎ ಸಿಗ್ತಿತ್ತು.

ಅದಕ್ಕೇ ನಿಮ್ಮ ಶೀಟಿಗೆ 24ನೇ ಕಾಲಂ ಒಂದು ಸೇರ್ಸಿ, ಮಿಕ್ಕಿದ್ದನ್ನ ಅಳಿಸಿದ್ರೂ ನಡೀತದೆ: ಮಗು ಎಡವಿದ್ರೆ ಯಾರಿಗೆ ಮೊದ್ಲು ಗೊತ್ತಾಗತ್ತೆ, ಎಷ್ಟು ದಿನಕ್ಕೆ? ರಿವಿಸಿಟ್ ಡೇ (ಸೀಟು ಸಿಕ್ಕಿದವರು ಸ್ಕೂಲು ನೋಡೋಕೆ ಹೋಗೋ ದಿನ) ಹೋದಾಗ ಅಡ್ಮಿಷನ್ ಆಫೀಸಲ್ಲಿ ಕೇಳ್ಬೇಡಿ, ಅವರಿಗೆ ಬಾಯಿಪಾಠ ಇರತ್ತೆ. ಹತ್ತನೇ ಕ್ಲಾಸಿನ ಮಗೂನ ಕೇಳಿ, ಹೋದ ವರ್ಷ ನಿಂಗೆ ತುಂಬಾ ಕಷ್ಟ ಆಗಿದ್ದು ಯಾವಾಗ, ಯಾರ ಹತ್ರ ಹೋದೆ. ಥಟ್ ಅಂತ ಒಬ್ಬರ ಹೆಸರು ಬಂದ್ರೆ ಆ ಸ್ಕೂಲು ಸರಿ ಇದೆ.

ಮೌನಿಬಾಬಾ:
ಫಾಲೋ ಮಾಡ್ತಿದೀನಿ. ನಮ್ದೂ ಮುಂದಿನ ವರ್ಷ ಇದೇ ಕಥೆ.

ಲೆಕ್ಕದಮೇಷ್ಟ್ರು:
ಎಕ್ಸೆಟರ್ ಬಗ್ಗೆ ಒಂದು ವಿಷ್ಯ, ನಾನು ಅಲ್ಲಿಗೆ ಹೋಗೋ ಮಕ್ಕಳಿಗೆ ಒಂದಷ್ಟು ವರ್ಷದಿಂದ ಲೆಕ್ಕ ಹೇಳ್ಕೊಡ್ತಿರೋನು. ಹಾರ್ಕ್‌ನೆಸ್ ಟೇಬಲ್ ಅಂತ ಕೇಳಿರ್ತೀರಿ, ಎಡ್ವರ್ಡ್ ಹಾರ್ಕ್‌ನೆಸ್ ಅಂತ ಒಬ್ಬ ಶ್ರೀಮಂತ 1930ರಲ್ಲಿ ದೊಡ್ಡ ಮೊತ್ತ ಕೊಟ್ಟು, ಮೇಷ್ಟ್ರು ಮುಂದೆ ನಿಂತು ಪಾಠ ಹೇಳೋ ಪದ್ಧತಿ ಬೇಡ, ಮಕ್ಕಳು ಟೇಬಲ್ ಸುತ್ತ ಕೂತು ತಾವೇ ಮಾತಾಡ್ಲಿ ಅಂದ. ಮೊಟ್ಟೆ ಆಕಾರದ ಟೇಬಲ್ಲು, ಹನ್ನೆರಡು ಮಕ್ಕಳು, ಒಬ್ಬ ಟೀಚರ್. ಇಂಗ್ಲಿಷ್, ಹಿಸ್ಟರಿಗೆ ಇದು ಸರಿ ಅನ್ಸತ್ತೆ, ಆದ್ರೆ ಅಲ್ಲಿ ಗಣಿತಾನೂ ಹೀಗೇ. ಟೆಕ್ಸ್ಟ್‌ಬುಕ್ ಇಲ್ಲ! ಅವರ ಮ್ಯಾಥ್ಸ್ ಡಿಪಾರ್ಟ್‌ಮೆಂಟೇ ಬರ್ದ ಲೆಕ್ಕದ ಪುಸ್ತಿಕೆ, ಅದ್ರಲ್ಲಿ ಅಧ್ಯಾಯ ಇಲ್ಲ, ಸೂತ್ರ ಚೌಕಟ್ಟಲ್ಲಿ ಹಾಕಿಲ್ಲ, ಮಾದರಿ ಲೆಕ್ಕ ಬಿಡ್ಸಿ ತೋರ್ಸಿಲ್ಲ, ಜಾಮೆಟ್ರಿ ಆಲ್ಜಿಬ್ರಾ ಎಲ್ಲಾ ಕಲಸಿಟ್ಟಿರ್ತಾರೆ. ರಾತ್ರಿ ಒಂದು ಪುಟ ಮಾಡ್ಕೊಂಡು ಬರ್ಬೇಕು, ಬೆಳಿಗ್ಗೆ ಬೋರ್ಡಿನ ಮೇಲೆ ಒಬ್ಬೊಬ್ಬರು ಒಂದೊಂದು ಬರ್ದು ವಿವರಿಸ್ಬೇಕು.

ಕೋಚಿಂಗಲ್ಲಿ ಪಳಗಿದ ಮಕ್ಕಳಿಗೆ ಮೊದ್ಲ ತಿಂಗಳು ಇದು ನರಕ. ನನ್ನ ಹತ್ರ ಇದ್ದ ಒಬ್ಬ ಹುಡುಗ ಫೋನ್ ಮಾಡಿ "ಸರ್, ಇವತ್ತು ಯಾವ ಚಾಪ್ಟರ್ ಅಂತಾನೇ ಗೊತ್ತಾಗ್ತಿಲ್ಲ" ಅಂತ ಅತ್ತ. ಅವನಿಗೆ ಉತ್ತರ ಬರ್ತಿತ್ತು, ಅದು ಯಾಕೆ ಬಂತು ಅಂತ ಇನ್ನೊಬ್ಬರಿಗೆ ಹೇಳೋಕೆ ಬರ್ತಿರ್ಲಿಲ್ಲ. ಇಂಥ ಲೆಕ್ಕಾನ ಯಾರೂ ಪೂರ್ತಿ ಸರಿ ಮಾಡ್ಕೊಂಡು ಬರಲ್ಲ, ಅರ್ಧ ಮಾಡಿ ಸಿಕ್ಕಾಕ್ಕೊಂಡ ಜಾಗ ತೋರ್ಸೋದೇ ಅಲ್ಲಿ ಪಾಠ ಅಂತ ಅವನಿಗೆ ತಿಳಿಯೋಕೆ ಡಿಸೆಂಬರ್ ಆಯ್ತು. ಆ ಪುಸ್ತಿಕೆಗಳು ಸ್ಕೂಲಿನ ವೆಬ್‌ಸೈಟಲ್ಲೇ ಫ್ರೀಯಾಗಿ ಸಿಗತ್ತೆ ಮೇಡಂ, ಇಳಿಸ್ಕೊಂಡು ಮಗಳಿಗೆ ಒಂದು ಪುಟ ಕೊಡಿ. ಎಷ್ಟು ಸರಿ ಮಾಡಿದ್ಲು ಅನ್ನೋದು ನೋಡ್ಬೇಡಿ, ಸಿಟ್ಟು ಬಂದಾಗ ಏನು ಮಾಡ್ತಾಳೆ ನೋಡಿ.

ಸುಮ್ನೆಓದಾಂವ:
ಎಲ್ಲಾರೂ ಯಾವ ಸಾಲಿ ಅಂತ ಹೇಳಾಕತ್ತೀರಿ, ಒಂದು ಮಾತು ಕೇಳಲೇನ್ರಿ? ಹದಿನಾಕು ವರ್ಷದ ಹುಡುಗಿನ್ನ ಯಾಕ ಕಳಸಬೇಕ್ರಿ? ಮನ್ಯಾಗ ಇಟಗೊಂಡು ಓದಿಸಿದ್ರ ಆಗೂದಿಲ್ಲೇನು? ಇನ್ನ ನಾಕ ವರ್ಷಕ್ಕ ಕಾಲೇಜಿಗೆ ಅಂತೂ ಹೋಗೇ ಹೋಗ್ತಾಳ. ಮಕ್ಕಳು ಯಾವ ಕಾಲೇಜಿಗೆ ಹೋದ್ರು ಅಂತ ಈ ಸಾಲಿಯವ್ರು ಹಾಕೂ ಲಿಸ್ಟ್ ನೋಡಿ ಮಂದಿ ಮರಳಾಗ್ತಾರ ಅಷ್ಟ. ಅದರಾಗ ಅಪ್ಪ ಅಜ್ಜ ಅಲ್ಲೇ ಓದಿದವ್ರ ಮಕ್ಕಳೆಷ್ಟು, ರೋಯಿಂಗ್, ಸ್ಕ್ವಾಷ್ ಆಡಿ ಸೀಟ್ ತಗೊಂಡವ್ರೆಷ್ಟು, ಅದನ್ನ ಯಾರೂ ಬರ್ಯೂದಿಲ್ಲ. ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ.

ಹಳೇಬೋರ್ಡರ್:
ತಪ್ಪೇನಿಲ್ಲ ಅಣ್ಣಾ, ಲಿಸ್ಟಿನ ವಿಷ್ಯ ನೀವಂದಿದ್ದು ನೂರಕ್ಕೆ ನೂರು ಸರಿ. ಅಷ್ಟೇ ಅಲ್ಲ, ಈ ಸ್ಕೂಲುಗಳಿಂದ ಕಾಲೇಜಿಗೆ ಅಪ್ಲೈ ಮಾಡೋ ಎಲ್ರೂ ಜೋರಾಗೇ ಇರೋದ್ರಿಂದ, ಮನೆ ಹತ್ರದ ಸರ್ಕಾರಿ ಸ್ಕೂಲಲ್ಲಿ ಫಸ್ಟ್ ಬಂದಿದ್ರೆ ಸಿಗ್ತಿದ್ದ ಕಾಲೇಜು ಇಲ್ಲಿಂದ ಸಿಗ್ದೇ ಹೋಗಿರೋರು ನಂಗೇ ಗೊತ್ತಿದಾರೆ. ಕಾಲೇಜ್ ಸೀಟಿಗೋಸ್ಕರ ಕಳಿಸೋದಾದ್ರೆ ಬೇಡ್ವೇ ಬೇಡ. ಯಾಕೆ ಕಳಿಸ್ಬೇಕು ಅಂದ್ರೆ, ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಏನಾಗತ್ತಲ್ಲ, ಅದಕ್ಕೆ. ನನ್ನ ರೂಮ್‌ಮೇಟ್ ಚೆಲ್ಲೋ ಬಾರಿಸ್ತಿದ್ದ, ಎದುರು ರೂಮಿನವನು ಪೇಪರ್ ಮೇಲೆ ಹಡಗಿನ ವಿನ್ಯಾಸ ಮಾಡ್ತಿದ್ದ, ಮೂರನೇವನಿಗೆ ಯಾವಾಗ್ಲೂ ಹಸಿವು. ಕ್ಲಾಸಲ್ಲಿ ಕಲ್ತಿದ್ದು ಬಹಳ ಮರ್ತು ಹೋಗಿದೆ, ಆ ಕಾರಿಡಾರ್ ಮರ್ತಿಲ್ಲ. ಹಾಗಂತ ಹೋಗೋ ಆಸೆ ಮಗೂಗೇ ಇಲ್ದಿದ್ರೆ ಕಾರಿಡಾರ್ ಜೈಲಾಗತ್ತೆ, ಅದೂ ನೋಡಿದೀನಿ.

ಚಿಲ್ಲರೆಶೆಟ್ರು:
ದುಡ್ಡಿನ ವಿಷ್ಯ ಯಾರೂ ಬರ್ದಿಲ್ಲ, ನಾನು ಬರೀತೀನಿ. ಬೋರ್ಡಿಂಗ್ ಫೀಸು ಈಗ ಇಂಥ ಸ್ಕೂಲುಗಳಲ್ಲಿ ವರ್ಷಕ್ಕೆ 60 ಸಾವಿರ ಡಾಲರ್ ಮೇಲೇ ಇದೆ, ಮೇಲೆ ಪುಸ್ತಕ, ಮ್ಯೂಸಿಕ್ ಲೆಸನ್, ಓಡಾಟ, ಲ್ಯಾಪ್‌ಟಾಪು. ಆಂಡೋವರ್ 2007ರಿಂದ, ಎಕ್ಸೆಟರ್ 2021ರಿಂದ ನೀಡ್-ಬ್ಲೈಂಡ್, ಅಂದ್ರೆ ಸೀಟು ಕೊಡೋವಾಗ ನಿಮ್ಮ ಕೈಲಿ ಕಟ್ಟೋಕಾಗತ್ತಾ ಅಂತ ನೋಡಲ್ಲ. ಮಿಕ್ಕ ಬಹಳ ಸ್ಕೂಲುಗಳು ನೋಡ್ತವೆ. ಏಡ್ ಸಿಕ್ಕಿದ್ರೆ ಪ್ರತಿ ವರ್ಷ ಮತ್ತೆ ಫಾರಂ ತುಂಬ್ಬೇಕು, ಸಂಬಳ ಜಾಸ್ತಿ ಆದ್ರೆ ಏಡ್ ಕಮ್ಮಿ ಆಗ್ಬಹುದು, ನಾಲ್ಕು ವರ್ಷದ್ದು ಈಗ್ಲೇ ಲೆಕ್ಕ ಹಾಕಿ.

ಮುಖ್ಯವಾಗಿ ಎನ್‌ರೋಲ್‌ಮೆಂಟ್ ಕಾಂಟ್ರಾಕ್ಟ್ ಓದಿ ಸೈನ್ ಮಾಡಿ. ನಾನು ಓದ್ದೇ ಸೈನ್ ಮಾಡಿದ ಮಹಾನುಭಾವ. ಒಂದು ತಾರೀಕು ಕೊಟ್ಟಿರ್ತಾರೆ, ಅದು ದಾಟಿದ್ಮೇಲೆ ಮಗು ಹೋಗ್ದಿದ್ರೂ, ಮಧ್ಯ ಬಿಟ್ಟು ಬಂದ್ರೂ ಇಡೀ ವರ್ಷದ ಫೀಸ್ ನಿಮ್ಮ ತಲೆ ಮೇಲೆ. ನಮ್ಮ ಹುಡುಗ ಜನವರೀಲಿ ವಾಪಸ್ ಬಂದ, ಒಂದು ಪೈಸಾ ವಾಪಸ್ ಬರ್ಲಿಲ್ಲ. ಇದಕ್ಕೆ ಟ್ಯೂಷನ್ ಇನ್ಶೂರೆನ್ಸ್ ಅಂತ ಇದೆ, ಮೊದಲನೇ ವರ್ಷ ಆದ್ರೂ ತಗೊಳ್ಳಿ, ಅದರಲ್ಲೂ ಯಾವ ಕಾರಣಕ್ಕೆ ಬಿಟ್ರೆ ಎಷ್ಟು ಕೊಡ್ತಾರೆ ಅಂತ ನೋಡಿ. ಎರಡೂ ಕಡೆ ಡೆಪಾಸಿಟ್ ಕಟ್ಟಿ ಆಮೇಲೆ ನೋಡೋಣ ಅನ್ನೋ ಐಡಿಯಾ ಇದ್ರೆ ಬಿಟ್ಬಿಡಿ, ಮಾಡಬಾರ್ದು.

ಗೊಂದಲದಮ್ಮ:
ಅಯ್ಯೋ ಶೆಟ್ರೇ, ಹುಡುಗ ಯಾಕೆ ವಾಪಸ್ ಬಂದ ಅಂತ ಕೇಳಬಹುದಾ? ಹೇಳೋಕೆ ಇಷ್ಟ ಇಲ್ದಿದ್ರೆ ಬೇಡ.

ಚಿಲ್ಲರೆಶೆಟ್ರು:
ಹೇಳ್ತೀನಿ ಮೇಡಂ. ನಿದ್ದೆ. ಅವನು ಯಾರಿಗೂ ಹೇಳ್ದೇ ರಾತ್ರಿ ಎರಡು ಗಂಟೆವರೆಗೂ ಓದ್ತಿದ್ದ, ಲೈಟ್ ಆರಿಸಿ ಹೊದಿಕೆ ಒಳಗೆ ಲ್ಯಾಪ್‌ಟಾಪ್ ಇಟ್ಕೊಂಡು. ಭಾನುವಾರ ಫೋನಲ್ಲಿ "ಎಲ್ಲಾ ಚೆನ್ನಾಗಿದೆ ಅಪ್ಪಾ" ಅಂತಿದ್ದ. ಸ್ಕೂಲಿಗೂ ಗೊತ್ತಾಗಿಲ್ಲ, ಅಡ್ವೈಸರ್ (ಮಗೂನ ನೋಡ್ಕೊಳ್ಳೋ ಟೀಚರ್) ಇಮೇಲ್ ಬಂದಿದ್ದು ಕ್ರಿಸ್‌ಮಸ್ ರಜಕ್ಕೆ ಮೂರು ದಿನ ಮುಂಚೆ. ಅದಕ್ಕೇ ಹಳೇಬೋರ್ಡರ್ ಅವರ 24ನೇ ಕಾಲಂ ಓದಿ ಸುಮ್ನೆ ಕೂತೆ ಸ್ವಲ್ಪ ಹೊತ್ತು.

ಹನ್ನೊಂದನೇಕ್ಲಾಸು:
ಹಾಯ್ ಆಂಟಿ, ನಾನು ಈಗ ಓದ್ತಿರೋಳು, ಜೂನಿಯರ್ ಇಯರ್, ಸಣ್ಣ ಸ್ಕೂಲು, ಎಲ್ಲಿ ಅಂತ ಹೇಳಿದ್ರೆ ನಾನ್ಯಾರು ಅಂತ ಗೊತ್ತಾಗೋಗತ್ತೆ ಸೋ ಬೇಡ. ಸ್ಟಡಿ ಅವರ್ಸ್ ಮುಗಿಯೋಕೆ ಹತ್ತು ನಿಮಿಷ ಇದೆ, ಬೇಗ ಬರೀತೀನಿ.

ಸಣ್ಣ ಸ್ಕೂಲು ಅಂದ್ರೆ ಎಲ್ರಿಗೂ ಎಲ್ಲಾ ಗೊತ್ತು, ಅದು ಒಳ್ಳೇದೂ ಹೌದು ಕೆಟ್ಟದ್ದೂ ಹೌದು. ನಂಗೆ ಜ್ವರ ಬಂದ್ರೆ ನಾಲ್ಕು ಜನ ಟೀಚರ್ ಕೇಳ್ತಾರೆ, ಫ್ರೆಂಡ್ ಜೊತೆ ಜಗಳ ಆದ್ರೆ ಹೋಗೋಕೆ ಬೇರೆ ಟೇಬಲ್ ಇಲ್ಲ. ದೊಡ್ಡ ಸ್ಕೂಲಲ್ಲಿ ನಿಮ್ಮ ಗುಂಪು ಸಿಗೋಕೆ ಟೈಮ್ ಹಿಡಿಯತ್ತೆ ಆದ್ರೆ ಸಿಕ್ಕೇ ಸಿಗತ್ತೆ, ನನ್ನ ಕಸಿನ್ ದೊಡ್ಡದ್ರಲ್ಲಿ ಇದಾನೆ, ಅವನ್ದು ಹಾಗೇ ಆಯ್ತು.

ಆಮೇಲೆ ಸ್ಪೋರ್ಟ್ಸ್. ಮಧ್ಯಾಹ್ನ ಕಂಪಲ್ಸರಿ ಇರತ್ತೆ. ಗೊತ್ತಿರೋ ಆಟಕ್ಕೆ ಹೋಗ್ಬೇಡ ಅಂತ ಹೇಳಿ, ರೋಯಿಂಗ್ ಟ್ರೈ ಮಾಡ್ಲಿ, ಅಲ್ಲಿ ಬಹಳ ಜನಕ್ಕೆ ಮುಂಚೆ ಬಂದಿರಲ್ಲ. ಎಂಟು ಜನ ಒಟ್ಟಿಗೆ ದಡ್ಡರಾಗಿ ನೀರಿಗೆ ಬಿದ್ದಿದೀವಿ, ನನ್ನ ಬೆಸ್ಟ್ ಫ್ರೆಂಡ್ಸ್ ಎಲ್ಲಾ ಆ ಬೋಟಿಂದಾನೇ. ಕ್ಲಬ್ ಫೇರ್ ದಿನ ನಾನು 14 ಕ್ಲಬ್ಬಿಗೆ ಇಮೇಲ್ ಐಡಿ ಕೊಟ್ಟೆ, ಇನ್ನೂ ಮೇಲ್ ಬರ್ತಿದೆ, ಎರಡು ಸಾಕು ಆಂಟಿ. ಮನೆ ನೆನಪು ಜಾಸ್ತಿ ಬರೋದು ಭಾನುವಾರ ಸಂಜೆ, ಯಾಕೋ ಗೊತ್ತಿಲ್ಲ, ಸೋ ಆ ಟೈಮಲ್ಲಿ ಫೋನ್ ಮಾಡ್ಬೇಡಿ, ಬೆಳಿಗ್ಗೆ ಮಾಡಿ, ಸಂಜೆ ಮಾಡಿದ್ರೆ ಇಬ್ರೂ ಅಳ್ತೀರ. ಮತ್ತೆ "ಚೆನ್ನಾಗಿದೀಯಾ" ಅಂತ ಕೇಳಿದ್ರೆ ಎಲ್ರೂ ಚೆನ್ನಾಗಿದೀನಿ ಅಂತಾನೇ ಹೇಳೋದು. ನಮ್ಮಮ್ಮ "ನಿನ್ನೆ ಎಷ್ಟೊತ್ತಿಗೆ ಮಲಗ್ದೆ, ಯಾರ ಜೊತೆ ಊಟ ಮಾಡ್ದೆ" ಅಂತ ಕೇಳ್ತಾರೆ, ಸುಳ್ಳು ಹೇಳೋಕೆ ಆಗಲ್ಲ.

ಇನ್ನೊಂದು, ಸೀರಿಯಸ್. ಕುಡಿದು ಅಥವಾ ಏನೋ ತಗೊಂಡು ಫ್ರೆಂಡ್‌ಗೆ ಹುಷಾರಿಲ್ಲ ಅಂದ್ರೆ ದೊಡ್ಡವರನ್ನ ಕರೆದ್ರೆ ಶಿಕ್ಷೆ ಇಲ್ಲ ಅನ್ನೋ ನಿಯಮ ತುಂಬಾ ಸ್ಕೂಲಲ್ಲಿ ಇದೆ, ಸ್ಯಾಂಕ್ಚುರಿ ಅಂತಾರೆ. ಹ್ಯಾಂಡ್‌ಬುಕ್‌ನಲ್ಲಿ ಆ ಪುಟ ಮಗಳ ಜೊತೆ ಕೂತು ಓದಿ. ಬೆಲ್ ಆಯ್ತು ಬೈ

ಲೆಕ್ಕದಮೇಷ್ಟ್ರು:
ಈ ಹುಡುಗಿ ಹೇಳಿದ್ದು ನಮ್ಮೆಲ್ಲರ ಉದ್ದುದ್ದ ಭಾಷಣಕ್ಕಿಂತ ಚೆನ್ನಾಗಿದೆ.

ಒಂದು ಸೇರಿಸ್ತೀನಿ, ಟೇಬಲ್ ಸುತ್ತ ಮಾತಾಡೋ ಕ್ಲಾಸಿನ ಬಗ್ಗೆ. ಕೆಲವು ಟೀಚರ್‌ಗಳು ಹಾಳೆ ಮೇಲೆ ಟೇಬಲ್ ಚಿತ್ರ ಬರ್ದು, ಯಾರು ಯಾರಿಗೆ ಮಾತಾಡಿದ್ರು ಅಂತ ಗೆರೆ ಎಳೀತಾ ಹೋಗ್ತಾರೆ. ಕ್ಲಾಸ್ ಮುಗಿಯೋ ಹೊತ್ತಿಗೆ ಜೇಡರ ಬಲೆ ಥರ ಆಗಿರತ್ತೆ. ನನ್ನ ಒಬ್ಬ ವಿದ್ಯಾರ್ಥಿನಿ ಹದಿನಾಲ್ಕು ಸಲ ಮಾತಾಡಿ ಖುಷಿಯಾಗಿ ಹಾಳೆ ನೋಡಿದ್ರೆ, ಅವಳಿಂದ ಹದಿನಾಲ್ಕು ಗೆರೆ ಹೊರಗೆ ಹೋಗಿದೆ, ಅವಳ ಕಡೆ ವಾಪಸ್ ಬಂದಿದ್ದು ಒಂದು. ಪಕ್ಕದ ಹುಡುಗ ಮಾತಾಡಿದ್ದೇ ಮೂರು ಸಲ, ಅವನ ಸುತ್ತ ಗೆರೆಗಳು ಗಿಜಿಗಿಜಿ. ಅವನು ಕೇಳಿದ್ದು ಪ್ರಶ್ನೆ, ಇವಳು ಕೊಟ್ಟಿದ್ದು ಉತ್ತರ. ನಾಚಿಕೆ ಸ್ವಭಾವದ ಮಕ್ಕಳು ಹಾರ್ಕ್‌ನೆಸ್ಸಲ್ಲಿ ಸೋಲ್ತಾರೆ ಅನ್ನೋದು ಅರ್ಧ ಸುಳ್ಳು. ಮಾತು ಕಮ್ಮಿ ಇದ್ರೂ ಕಿವಿ ಇರೋ ಮಕ್ಕಳು ಗೆಲ್ತಾರೆ. ಆದ್ರೆ ವಾರಕ್ಕೆ ಒಂದು ಸಲ ಆದ್ರೂ ಬಾಯಿ ಬಿಡ್ಲೇಬೇಕು ಅನ್ನೋದೂ ನಿಜ.

ಸುಮ್ನೆಓದಾಂವ:
ಗ್ರೋಟನ್ ಬಗ್ಗೆ ಯಾರೂ ಏನೂ ಹೇಳಲಿಲ್ಲಲ್ರಿ. ಅಮೆರಿಕದ ಅಧ್ಯಕ್ಷ ಆಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಓದಿದ ಸಾಲಿ ಅಂತ ಅಷ್ಟ ಗೊತ್ತು ನನಗ.

ಹಳೇಬೋರ್ಡರ್:
ಹೌದು, ಎಂಡಿಕಾಟ್ ಪೀಬಾಡಿ ಅನ್ನೋ ಪಾದ್ರಿ 1884ರಲ್ಲಿ ಶುರು ಮಾಡಿದ್ದು. ಅಲ್ಲಿ ಎಂಟನೇ ಕ್ಲಾಸಿಂದಾನೇ ಮಕ್ಕಳು ಸೇರ್ತಾರೆ, ಸೆಕೆಂಡ್ ಫಾರ್ಮ್ ಅಂತಾರೆ ಅದನ್ನ, ಹಾಗಾಗಿ ನಿಮ್ಮ ಮಗಳು ಸೇರೋ ಹೊತ್ತಿಗೆ ಒಂದು ಪುಟ್ಟ ಗುಂಪು ಆಗ್ಲೇ ಗಟ್ಟಿಯಾಗಿರತ್ತೆ. ಆದ್ರೆ ಹೊಸಬರೂ ಬೇಕಾದಷ್ಟು ಇರ್ತಾರೆ, ಹೆದರೋ ವಿಷ್ಯ ಅಲ್ಲ. ಬೆಳಿಗ್ಗೆ ಚಾಪೆಲ್ಲಲ್ಲಿ, ಅಂದ್ರೆ ಸ್ಕೂಲಿನ ಚರ್ಚಲ್ಲಿ, ಇಡೀ ಸ್ಕೂಲು ಸೇರತ್ತೆ, ಲ್ಯಾಟಿನ್ ಗ್ರೀಕ್ ಕಲಿಯೋ ಆಸೆ ಇದ್ರೆ ಅಲ್ಲಿ ಅದಕ್ಕೆ ಒಳ್ಳೇ ಹೆಸರು. ನನ್ನನ್ನ ಕೇಳಿದ್ರೆ, ಡೌಟ್ ಕೇಳದೇ ಇರೋ ಮಗೂಗೆ ಸಣ್ಣ ಸ್ಕೂಲೇ ಸರಿ. ಗ್ರೋಟನ್ ಅಂತೀನಿ.

ಚಿಲ್ಲರೆಶೆಟ್ರು:
ನಂದೂ ಗ್ರೋಟನ್ನೇ.

ಮೌನಿಬಾಬಾ:
ಯಜಮಾನರ ಪರ ಒಂದು ಓಟು ಇರ್ಲಿ, ಎಕ್ಸೆಟರ್. ಕಾರಣ ಇಲ್ಲ.

ಗೊಂದಲದಮ್ಮ:
ಎಲ್ರಿಗೂ ಥ್ಯಾಂಕ್ಸ್. ರಿವಿಸಿಟ್ ಡೇ ಎರಡೂ ಮುಗಿಸ್ಕೊಂಡು ನಿನ್ನೆ ರಾತ್ರಿ ಬಂದ್ವಿ, ಉದ್ದ ಆಗತ್ತೆ, ಕ್ಷಮಿಸಿ.

ಗ್ರೋಟನ್ ನಂಗೆ ತುಂಬಾ ಹಿಡಿಸ್ತು. ಸರ್ಕಲ್ ಅಂತಾರೆ, ನಡುವೆ ಹುಲ್ಲು, ಸುತ್ತ ಕಟ್ಟಡ, ಒಂದು ಕಡೆ ಚಾಪೆಲ್ಲು. ಹತ್ತನೇ ಕ್ಲಾಸಿನ ಹುಡುಗೀನ ನಿಮ್ಮ ಪ್ರಶ್ನೆ ಕೇಳ್ದೆ, ಉಸಿರು ತಗೊಳ್ಳೋದ್ರೊಳಗೆ ಇಬ್ಬರ ಹೆಸರು ಹೇಳಿದ್ಲು. ನಾನು ಅಲ್ಲೇ ಮನಸ್ಸಲ್ಲೇ ಸೈನ್ ಮಾಡ್ಬಿಟ್ಟೆ. ಎಕ್ಸೆಟರಲ್ಲಿ ಅದೇ ಪ್ರಶ್ನೆ ಕೇಳಿದ್ದಕ್ಕೆ ಹುಡುಗ ಸ್ವಲ್ಪ ಯೋಚ್ನೆ ಮಾಡಿ, "ಮೊದ್ಲು ಯಾರ ಹತ್ರಾನೂ ಹೋಗ್ಲಿಲ್ಲ, ಆಮೇಲೆ ನಮ್ಮ ಸೀನಿಯರ್ ಒಬ್ಬಳು ಅಡ್ವೈಸರ್ ಹತ್ರ ಎಳ್ಕೊಂಡು ಹೋದ್ಲು" ಅಂದ. ನಾನು ಮುಖ ಸಣ್ಣಗೆ ಮಾಡ್ಕೊಂಡೆ, ಯಜಮಾನರು ನನ್ನ ಕಡೆ ನೋಡ್ಲೇ ಇಲ್ಲ.

ಕಾರಲ್ಲಿ ಒಂದು ಗಂಟೆ ಮಗಳು ಮಾತಾಡ್ಲಿಲ್ಲ. ಆಮೇಲೆ ತಾನೇ ಶುರು ಮಾಡಿದ್ಲು. ಎಕ್ಸೆಟರಲ್ಲಿ ಮ್ಯಾಥ್ಸ್ ಕ್ಲಾಸಲ್ಲಿ ಕೂರ್ಸಿದ್ರಂತೆ, ಒಬ್ಬಳು ಬೋರ್ಡಲ್ಲಿ ಲೆಕ್ಕ ಬರ್ದು ಅರ್ಧಕ್ಕೆ ನಿಂತ್ಲಂತೆ. "ತಪ್ಪು ಅಂತ ಅವಳಿಗೂ ಗೊತ್ತು ಅಮ್ಮಾ, ಎಲ್ರಿಗೂ ಗೊತ್ತು. ಚಾಕ್ ಹಿಡ್ಕೊಂಡು ಅಲ್ಲೇ ನಿಂತಿದ್ಲು. ಟೀಚರ್ ಏನೂ ಹೇಳ್ಲಿಲ್ಲ. ಯಾರೂ ನಗ್ಲಿಲ್ಲ. ಆಮೇಲೆ ಒಬ್ಬ ಎದ್ದು ಹೋಗಿ ಪಕ್ಕದಲ್ಲಿ ನಿಂತ್ಕೊಂಡ, ಅವನಿಗೂ ಬರ್ಲಿಲ್ಲ. ಇಬ್ರೂ ನಿಂತಿದ್ರು." ಸ್ವಲ್ಪ ಹೊತ್ತಾದ್ಮೇಲೆ, "ನಮ್ಮ ಸ್ಕೂಲಲ್ಲಿ ನಂಗೆ ಬರಲ್ಲ ಅಂತ ಗೊತ್ತಾದ್ರೆ ಎಲ್ರಿಗೂ ಖುಷಿ ಆಗತ್ತೆ, ಅದಕ್ಕೇ ನಾನು ಕೇಳಲ್ಲ" ಅಂದ್ಲು. ಎರಡು ವರ್ಷದಿಂದ ಇದನ್ನ ನಮ್ಗೆ ಹೇಳಿರ್ಲಿಲ್ಲ.

ಎಕ್ಸೆಟರ್ ಅಂತ ಅವಳೇ ಹೇಳಿದ್ಲು. ಯಜಮಾನರು ಗೆದ್ದೆ ಅಂತ ಮೀಸೆ ತಿರುವ್ತಿದಾರೆ, ಅವರ ಕಾರಣಕ್ಕಲ್ಲ ಅಂತ ಹೇಳೋಕೆ ಹೋಗಿಲ್ಲ. ಶೆಟ್ರೇ, ಕಾಂಟ್ರಾಕ್ಟ್ ಎರಡು ಸಲ ಓದಿದೆ, ಇನ್ಶೂರೆನ್ಸೂ ತಗೊಂಡೆ.

ಹಳೇಬೋರ್ಡರ್:
ನನ್ನ ಓಟು ವಾಪಸ್ ತಗೊಂಡೆ ಅಕ್ಕಾ. ಆ ಹುಡುಗನ ಉತ್ತರಾನೂ ಕೆಟ್ಟದ್ದಲ್ಲ ಅನ್ಸತ್ತೆ ಈಗ, ಎಳ್ಕೊಂಡು ಹೋಗೋಕೆ ಒಬ್ಬಳು ಇದ್ಲಲ್ಲ. ಬೇಸಿಗೇಲಿ ಡಾರ್ಮ್ ಯಾವ್ದು ಅಂತ ಪತ್ರ ಬಂದ್ಮೇಲೆ ಇಲ್ಲೇ ಬರೀರಿ.

ಲೆಕ್ಕದಮೇಷ್ಟ್ರು:
ಪುಸ್ತಿಕೆ ಇಳಿಸಿದ್ರಾ?

ಗೊಂದಲದಮ್ಮ:
ಇಳಿಸಿದೀವಿ ಸರ್. ಮಗಳಿಗೆ ಅಂತ ಪ್ರಿಂಟ್ ತೆಗೆದಿದ್ದು, ಅವರಪ್ಪ ಎರಡು ರಾತ್ರಿಯಿಂದ ಮೊದಲನೇ ಪುಟದಲ್ಲೇ ಇದಾರೆ. ಒಂದು ಸಣ್ಣ ಡೌಟು, ಡಾರ್ಮ್ ಮಂಚಕ್ಕೆ ಬೆಡ್‌ಶೀಟ್ ಯಾವ ಸೈಜು ತಗೋಬೇಕು?

ಹನ್ನೊಂದನೇಕ್ಲಾಸು:
ಟ್ವಿನ್ ಎಕ್ಸ್‌ಎಲ್ (ಉದ್ದ ಜಾಸ್ತಿ ಇರೋ ಸಿಂಗಲ್) ಆಂಟಿ, ಬರೀ ಟ್ವಿನ್ ತಗೊಂಡ್ರೆ ಮೂಲೆ ಕಿತ್ಕೊಂಡು ಬರತ್ತೆ. ಒಂದು ಫ್ಯಾನೂ ತಗೊಳ್ಳಿ, ಸೆಪ್ಟೆಂಬರಲ್ಲಿ ಬೆಂದೋಗ್ತೀವಿ.